ಗೃಹಾರೋಗ್ಯ: ಒಣ ಚರ್ಮದವರ ದಿನಚರ್ಯೆ

ಮೂರು ಕಡೆಯಿಂದ ಕಡಲು ಸುತ್ತಿರುವ ಕಂದುಕಗಿರಿಯೂ ಅದರ ಮೇಲಣ ಮುರುಡೇಶ್ವರನ ಗುಡಿಯೂ ಇರುವದು ಭಟ್ಕಳ ತಾಲೂಕಿನ ಮಾವಳ್ಳಿಯಲ್ಲಿ. ಆ ಸೀಮೆಯ ಗೃಹಸ್ಥರಿಗೆ ಗಾಳಿಯಲ್ಲಿ ತೇವ ಸಾಲದೆಂದು ಹೇಳಿದರೆ ಅವರು ನಕ್ಕಾರು. ಆಷಾಢ ಶ್ರಾವಣಗಳಲ್ಲಿ ಮರಿಗೆಯೊಳಗಿನ ಉಪ್ಪು ತಾನಾಗಿ ನೀರೊಡೆಯುವದು. ಮುಚ್ಚಳ ಸಡಿಲಾದ ಡಬ್ಬಿಯ ಹಪ್ಪಳ ಎರಡು ದಿನದಲ್ಲಿ ಮೆತ್ತಗಾಗುವದು. ಒಗೆದ ಸೀರೆ ಹಗ್ಗದ ಮೇಲೆ ಮೂರು ದಿನವಿದ್ದರೂ ಒಣಗದು. ಹೀಗಿದ್ದರೂ ದೀಪಾವಳಿ ಕಳೆದು, ಮುಂಜಾವಿನಲ್ಲಿ ಘಟ್ಟದ ಕಡೆಯಿಂದ ಗಾಳಿ ಬೀಸತೊಡಗಿದೊಡನೆ ಅದೇ ಮನೆಗಳಲ್ಲಿ ಮುಂಗಾಲ ಮೇಲೆ ಬೂದಿ ಬಳಿದಂತಾಗುವದು, ಹಿಮ್ಮಡಿ ಒಡೆಯುವದು, ಸ್ನಾನ ಮುಗಿಸಿ ಬಂದವರು ಮೈ ಕೆರೆದುಕೊಳ್ಳುವದು ಕಾಣಬರುತ್ತದೆ. ಕೆಲವರಿಗಂತೂ ಮಳೆಗಾಲವೂ ಈ ತೊಂದರೆಗೆ ಬಿಡುವು ಕೊಡುವದಿಲ್ಲ. ನೀರಿನ ನಡುವೆ ಇದ್ದೂ ಚರ್ಮ ಒಣಗುವದು ಹೇಗೆ?

ಈ ಪ್ರಶ್ನೆಗೆ ಉತ್ತರ ತಿಳಿದರೆ ಚಿಕಿತ್ಸೆಯ ಮುಕ್ಕಾಲು ಭಾಗ ತಿಳಿದಂತೆಯೇ ಸರಿ. ಚರ್ಮವು ಒಣಗುವದು ಹೊರಗಿನಿಂದ ನೀರು ಸಿಕ್ಕದ್ದರಿಂದಲ್ಲ. ಒಳಗಿನ ನೀರನ್ನು ಹಿಡಿದಿಡುವ ಜಿಡ್ಡು ಕಳೆದುಹೋದದ್ದರಿಂದ. ಆ ಜಿಡ್ಡನ್ನು ಕಳೆಯುವ ಕೆಲಸವನ್ನು ನಾವು ಬಹುಮಟ್ಟಿಗೆ ದಿನವೂ ನಮ್ಮ ಬಚ್ಚಲಲ್ಲಿ, ನಮ್ಮ ಕೈಯಿಂದಲೇ ಮಾಡಿಕೊಳ್ಳುತ್ತೇವೆ. ಆದುದರಿಂದ ಈ ತಿಂಗಳು ನಮ್ಮ ವಾಚಕರಿಗೆ ಹೇಳತಕ್ಕದ್ದು ಹೊಸದೊಂದು ಲೇಪದ ಗುಣಗಾನವಲ್ಲ. ಯಾವುದನ್ನು ಕಡಿಮೆ ಮಾಡಬೇಕು, ಯಾವ ಹೊತ್ತಿಗೆ ಏನು ಮಾಡಬೇಕು, ಯಾವುದರಿಂದ ದೂರವಿರಬೇಕು ಎಂಬುದಿಷ್ಟೇ.

ಚರ್ಮವೆಂಬ ಗೋಡೆ

ಚರ್ಮದ ಅತ್ಯಂತ ಹೊರಗಿನ ಪದರವನ್ನು ಕರಾವಳಿಯ ಚಿರೇಕಲ್ಲಿನ ಗೋಡೆಗೆ ಹೋಲಿಸಬಹುದು. ಚಪ್ಪಟೆಯಾದ ಜೀವಕೋಶಗಳು ಅದರ ಕಲ್ಲುಗಳು; ಅವುಗಳ ನಡುವೆ ತುಂಬಿರುವ ಸ್ನಿಗ್ಧ ಪದಾರ್ಥವೇ ಗಾರೆ. ಸೆರಮೈಡ್, ಕೊಲೆಸ್ಟರಾಲ್, ಮೇದಾಮ್ಲಗಳೆಂಬ ಮೂರು ಬಗೆಯ ಜಿಡ್ಡುಗಳು ಈ ಗಾರೆಯಲ್ಲಿ ಬೆರೆತಿವೆ. ಗಾರೆ ಗಟ್ಟಿಯಾಗಿದ್ದರೆ ಒಳಗಿನ ನೀರು ಹೊರಗೆ ಆವಿಯಾಗಿ ಹೋಗದು, ಹೊರಗಿನ ಧೂಳು, ಕ್ಷಾರ, ರೋಗಾಣುಗಳು ಒಳಗೆ ನುಗ್ಗವು. ಗಾರೆ ಉದುರಿದ ಗೋಡೆಗೆ ಮಳೆ ಹೊಡೆದರೆ ಏನಾಗುವದೆಂಬುದು ನಮ್ಮ ವಾಚಕರಿಗೆ ಗೊತ್ತಿದ್ದದ್ದೇ. ಚರ್ಮದಲ್ಲಿಯೂ ಹಾಗೆಯೇ. ಒಳಗಿನದು ಸೋರಿಹೋಗುವದು, ಹೊರಗಿನದು ಒಳಸೇರುವದು. ಮೊದಲನೆಯದನ್ನು ನಾವು ಒಣಚರ್ಮವೆನ್ನುತ್ತೇವೆ; ಎರಡನೆಯದರಿಂದ ಉರಿ, ನವೆ, ಕೆಂಪು ಉಂಟಾದಾಗ ಸೂಕ್ಷ್ಮಚರ್ಮವೆನ್ನುತ್ತೇವೆ. ಎರಡೂ ಹೆಚ್ಚಾಗಿ ಒಂದೇ ಗೋಡೆಯ ಬಿರುಕುಗಳು.

ಆರೋಗ್ಯವಾದ ಚರ್ಮದ ಮೇಲ್ಮೈ ತುಸು ಹುಳಿಯ ಗುಣವುಳ್ಳದ್ದು. ರಸಾಯನಶಾಸ್ತ್ರದ ಅಳತೆಯಲ್ಲಿ ಅದು ಸುಮಾರು ೫. ಎಣ್ಣೆಯನ್ನೂ ಕ್ಷಾರವನ್ನೂ ಬೆರೆಸಿ ಮಾಡುವ ಸಾಬೂನು ಅದೇ ಅಳತೆಯಲ್ಲಿ ೯ ಇಲ್ಲವೆ ೧೦ ಇರುವದು. ನಮ್ಮ ನಾಡಿನಲ್ಲಿ ಮೈಸೂರು ಸರಕಾರದವರು ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನು ಆರಂಭಿಸಿದ್ದು ೧೯೧೮ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯ ಮನೆಗಳಲ್ಲಿ ಸಾಬೂನು ಅಪರೂಪದ ವಸ್ತುವಾಗಿತ್ತು. ಈಗ ಅದು ಎಲ್ಲರ ಬಚ್ಚಲಿಗೂ ಬಂದಿದೆ, ಬಂದದ್ದು ಒಳ್ಳೆಯದೇ ಆಯಿತು. ಕೈತೊಳೆಯುವ ಅಭ್ಯಾಸದಿಂದ ಎಷ್ಟೋ ರೋಗಗಳು ದೂರವಾದವು. ಆದರೆ ಬೆವರಿನ ಕೊಳೆಯನ್ನು ತೆಗೆಯುವ ಸಾಬೂನು ಗಾರೆಯ ಜಿಡ್ಡನ್ನೂ ಜೊತೆಗೆ ತೆಗೆಯುವದೆಂಬುದನ್ನು ಒಣ ಚರ್ಮದವರು ಮರೆಯತಕ್ಕದ್ದಲ್ಲ.

ಕೆಲವರಿಗೆ ಈ ದುರ್ಬಲತೆ ಹುಟ್ಟಿನಿಂದಲೇ ಬಂದಿರುವದು. ಚರ್ಮದ ಹೊರಪದರವನ್ನು ಕಟ್ಟಲು ಬೇಕಾದ ಫಿಲಾಗ್ರಿನ್ ಎಂಬ ಸಸಾರಜನಕ ಪದಾರ್ಥವು ಕೆಲವು ಮನೆತನಗಳವರಲ್ಲಿ ಸಾಲದೆ ಹೋಗುವದರಿಂದ ಒಣಚರ್ಮವೂ ಇಸಬೂ ಉಂಟಾಗುತ್ತವೆಂಬುದು ೨೦೦೬ರಲ್ಲಿ ಸ್ಥಿರಪಟ್ಟಿತು. ಇಂಥವರ ಅಂಗೈಯಲ್ಲಿ ಗೆರೆಗಳು ಬಹಳ; ಇಂಥವರ ಮನೆಯಲ್ಲಿ ಮತ್ತಾರಿಗಾದರೂ ಉಬ್ಬಸವೋ ಸದಾ ಸೀನುವ ತೊಂದರೆಯೋ ಇರುವದೂ ಉಂಟು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮೊಣಕೈ ಮಡಿಕೆಯಲ್ಲಿ ಕೆರೆದುಕೊಳ್ಳುವ ಮಗುವನ್ನು ಶಾಲೆಯಲ್ಲಿ ದೂರ ಕೂಡಿಸುವವರು, ಮೈ ಒರಟಾದ ಕನ್ಯೆಯನ್ನು ನೋಡಿ ಮೋರೆ ತಿರುಗಿಸುವವರು ಇನ್ನೂ ಇದ್ದಾರೆ. ಈ ರೋಗ ಕೊಳಕಿನಿಂದ ಬಂದುದಲ್ಲ, ಮುಟ್ಟಿದರೆ ಹತ್ತುವದೂ ಅಲ್ಲ. ಕೊಳಕೆಂದು ತಿಳಿದು ಹೆಚ್ಚು ಹೆಚ್ಚು ತಿಕ್ಕಿ ತೊಳೆದರೆ ಅದು ಬಲಿಯುವದೇ ಹೊರತು ಇಳಿಯುವದಿಲ್ಲ.

ಸ್ನಾನ

ಉತ್ತರ ಕನ್ನಡದ ಮನೆಗಳಲ್ಲಿ ಬಚ್ಚಲ ಹಂಡೆಯೊಂದು ಸಂಪತ್ತು. ತೆಂಗಿನ ಸೋಗೆ, ಅಡಕೆಯ ಸಿಪ್ಪೆ ಉರಿಸಿ ಕಾಯಿಸಿದ ನೀರನ್ನು ಮೈ ಕೆಂಪಾಗುವಂತೆ ಹೊಯ್ದುಕೊಂಡರಲ್ಲದೆ ಮಿಂದಂತಾಗದೆಂದು ಹಿರಿಯರು ಹೇಳುವದುಂಟು. ಗದ್ದೆಯಿಂದ ಬಂದ ದಣಿವಿಗೆ ಆ ಬಿಸಿ ಹಿತವಾಗಿರಬಹುದು. ಒಣ ಚರ್ಮಕ್ಕೆ ಮಾತ್ರ ಅದು ಶತ್ರು. ಬಾಣಲೆಯ ಜಿಡ್ಡು ತಣ್ಣೀರಿಗಿಂತ ಬಿಸಿನೀರಿಗೆ ಬೇಗನೆ ಬಿಡುವದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಮೈಯ ಜಿಡ್ಡಿಗೂ ಅದೇ ನ್ಯಾಯ. ಆದ ಕಾರಣ ನೀರು ಉಗುರುಬೆಚ್ಚಗಿರಲಿ. ಮಣಿಕಟ್ಟಿನ ಒಳಮೈಗೆ ಹೊಯ್ದುಕೊಂಡರೆ ಬಿಸಿಯೂ ಎನ್ನಿಸಬಾರದು, ತಣ್ಣಗೂ ಎನ್ನಿಸಬಾರದು. ಸ್ನಾನಕ್ಕೆ ಹತ್ತು ನಿಮಿಷ ಸಾಕು. ದಿನಕ್ಕೊಂದು ಸಲ ಸಾಕು. ಬೇಸಿಗೆಯ ಸೆಕೆಯಲ್ಲಿ ಎರಡನೆಯ ಸಲ ಮೀಯುವದಾದರೆ ಬರಿಯ ನೀರಿನಿಂದ ಮೀಯಬಹುದು.

ಸಾಬೂನು ಮೈಯೆಲ್ಲ ಬೇಕಾಗಿಲ್ಲ. ಕಂಕುಳು, ತೊಡೆಸಂದು, ಪಾದ, ಇವಿಷ್ಟಕ್ಕೆ ಹಚ್ಚಿದರೆ ಶುಚಿತ್ವಕ್ಕೆ ಕೊರತೆಯಿಲ್ಲ. ಮುಂಗೈ, ಮುಂಗಾಲು, ಬೆನ್ನು, ಹೊಟ್ಟೆಗಳಿಗೆ ನೀರೇ ಸಾಕು. ಕೊಳ್ಳುವದಾದರೆ ಸುವಾಸನೆಯಿಲ್ಲದ್ದನ್ನು ಕೊಳ್ಳಬೇಕು. ಸಾಬೂನಿನಂತೆ ಕಂಡರೂ ಕ್ಷಾರವಿಲ್ಲದ, ಸಿಂಡೆಟ್ ಎಂದು ಕರೆಯಲ್ಪಡುವ ಬಿಲ್ಲೆಗಳು ಈಗ ಔಷಧಿಯಂಗಡಿಗಳಲ್ಲಿ ದೊರೆಯುತ್ತವೆ. ತೀರ ಸೂಕ್ಷ್ಮವಾದ ಚರ್ಮಕ್ಕೆ ಅವು ಮೇಲು. ಹೆಸರು ಹಿಟ್ಟಿನ ಬಳಕೆಯುಳ್ಳವರು ಅದನ್ನು ನುಣ್ಣಗೆ ಬೀಸಿ, ವಸ್ತ್ರಗಾಳಿತ ಮಾಡಿ, ನೀರಿನಲ್ಲಿ ತೆಳ್ಳಗೆ ಕಲಸಿ ಸವರಿಕೊಂಡು ತೊಳೆಯಬಹುದು. ಆದರೆ ಒಣ ಹಿಟ್ಟು ಹಾಕಿ ತಿಕ್ಕಬಾರದು. ಹೀರೆಯ ನಾರು, ತೆಂಗಿನ ನಾರು, ಕಲ್ಲು, ಇವುಗಳಿಂದ ಉಜ್ಜುವದನ್ನು ಒಮ್ಮೆಗೇ ಬಿಟ್ಟುಬಿಡತಕ್ಕದ್ದು. ಉಜ್ಜಿದಾಗ ಉದುರುವ ಬಿಳಿಯ ಹೊಟ್ಟು ಕೊಳೆಯೆಂದು ಎಣಿಸುವವರುಂಟು. ಅದು ಕೊಳೆಯಲ್ಲ, ಗೋಡೆಯ ಕಲ್ಲುಗಳೇ.

ಕಡಲಲ್ಲಿ ಮಿಂದವರು, ಬಲೆ ಎಳೆದು ಬಂದವರು ಉಪ್ಪನ್ನು ಮೈಮೇಲೆ ಒಣಗಗೊಡದೆ ಸಿಹಿನೀರಿನಿಂದ ಕೂಡಲೆ ತೊಳೆದುಕೊಳ್ಳಬೇಕು. ಕಡಲ ಮಗ್ಗುಲಿನ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುವದು. ಸವಳು ನೀರಿನಲ್ಲಿ ಸಾಬೂನು ನೊರೆಯಾಗದೆ ಇರುವದರಿಂದ ಜನರು ಮತ್ತಷ್ಟು ತಿಕ್ಕುತ್ತಾರೆ. ಅಂಥ ಮನೆಗಳಲ್ಲಿ ಕೊನೆಯ ಎರಡು ತಂಬಿಗೆಯಷ್ಟಾದರೂ ಸಿಹಿನೀರನ್ನು ಒಣ ಚರ್ಮದವರಿಗಾಗಿ ಇರಿಸುವದು ಒಳಿತು.

ಸ್ನಾನದ ನಂತರದ ಮೂರು ನಿಮಿಷ

ದಿನಚರ್ಯೆಯಲ್ಲಿ ಅತಿ ಮುಖ್ಯವಾದ ಭಾಗ ಇದು. ಟವೆಲಿನಿಂದ ಮೈಯನ್ನು ಉಜ್ಜದೆ ಒತ್ತಿ ಒರಸಿಕೊಂಡು, ಚರ್ಮದಲ್ಲಿ ಇನ್ನೂ ತೇವವಿರುವಾಗಲೇ, ಎಂದರೆ ಮೂರು ನಿಮಿಷದೊಳಗೆ, ಜಿಡ್ಡನ್ನು ಸವರಿಕೊಳ್ಳಬೇಕು. ಮೀಯುವಾಗ ಹೊರಪದರ ಒಂದಿಷ್ಟು ನೀರನ್ನು ಹೀರಿಕೊಂಡಿರುವದು. ಅದರ ಮೇಲೆ ಜಿಡ್ಡಿನ ಮುಚ್ಚಳವಿಲ್ಲದಿದ್ದರೆ ಆ ನೀರು ಕೆಲವೇ ನಿಮಿಷದಲ್ಲಿ ಆವಿಯಾಗಿ ಚರ್ಮವು ಬಿಗಿಯುವದು. ಮಿಂದ ಮೇಲೆ ನವೆ ಹೆಚ್ಚುವದೇಕೆಂಬುದಕ್ಕೆ ಇದೇ ಕಾರಣ. ಮೈ ಪೂರಾ ಒಣಗಿದ ಮೇಲೆ, ಅಡುಗೆ ಊಟಗಳೆಲ್ಲ ಮುಗಿದ ಮೇಲೆ ಹಚ್ಚಿದ ಎಣ್ಣೆಯಿಂದ ಅರ್ಧ ಫಲವೂ ದೊರೆಯದು. ಅದಕ್ಕಾಗಿ ಎಣ್ಣೆಯ ಕುಡಿಕೆ ದೇವರ ಮನೆಯ ಅಟ್ಟದ ಮೇಲಿರದೆ ಬಚ್ಚಲ ಬಾಗಿಲಲ್ಲಿ ಕೈಗೆಟಕುವಂತಿರಲಿ.

ನಮ್ಮ ಪೂರ್ವಿಕರು ಅಭ್ಯಂಗವನ್ನು ಬಲ್ಲವರೇ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆಯ ಅಧ್ಯಾಯವೊಂದಿದ್ದು, ಅಭ್ಯಂಗವನ್ನು ನಿತ್ಯವೂ ಮಾಡಬೇಕೆಂದೂ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆಂದೂ ಅಲ್ಲಿ ವಿಧಿಸಿದೆ. ತಲೆಗೆ ಬಿಸಿನೀರು ಕೂಡದೆಂಬ ಮಾತೂ ಅಲ್ಲಿಯೇ ಇದೆ. ನಾವು ನಿತ್ಯದ ಅಭ್ಯಂಗವನ್ನು ವಾರಕ್ಕೆ ಇಳಿಸಿ, ಕೆಲವರು ನರಕ ಚತುರ್ದಶಿಗೆ ಇಳಿಸಿ, ಹಚ್ಚಿದ ಎಣ್ಣೆಯನ್ನು ಸೀಗೆಪುಡಿಯಿಂದ ಒಂದು ಹನಿಯೂ ಉಳಿಯದಂತೆ ತೆಗೆದುಬಿಡುತ್ತೇವೆ. ಸೀಗೆಯೂ ಅಂಟುವಾಳವೂ ತಲೆಗೂದಲಿಗೆ ಇರಲಿ. ಒಣ ಚರ್ಮದವರು ಮೈಗೆ ಅವುಗಳನ್ನು ಬಳಸದೆ, ಬೆಚ್ಚನೆಯ ನೀರು ಹೊಯ್ದು ಎಣ್ಣೆಯ ಪಸೆಯನ್ನು ಉಳಿಸಿಕೊಳ್ಳಬೇಕು. ಎಣ್ಣೆ ಹಚ್ಚಿದರೆ ಮೈ ಕಪ್ಪಾಗುವದೆಂಬ ಭಯ ಕೆಲವರಿಗಿದೆ. ಬಿಳಿಯ ಹೊಟ್ಟು ಅಡಗುವದರಿಂದ ಚರ್ಮವು ತನ್ನ ನಿಜವಾದ ಬಣ್ಣಕ್ಕೆ ಬರುವದೇ ವಿನಾ ಬಣ್ಣವೇನೂ ಬದಲಾಗದು.

ಯಾವ ಜಿಡ್ಡು ಉತ್ತಮ? ಕರಾವಳಿಯವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಎಲ್ಲರ ಮನೆಯಲ್ಲಿಯೂ ಇದೆ. ೨೦೧೪ರಲ್ಲಿ ಫಿಲಿಪೈನ್ಸ್ ದೇಶದ ವೈದ್ಯರು ಇಸಬುಳ್ಳ ೧೧೭ ಮಕ್ಕಳಲ್ಲಿ ಎಂಟು ವಾರ ಹೋಲಿಸಿ ನೋಡಿದಾಗ ಹಸಿ ತೆಂಗಿನಕಾಯಿಯಿಂದ ತೆಗೆದ ಶುದ್ಧ ಎಣ್ಣೆಯು ಖನಿಜ ಎಣ್ಣೆಗಿಂತ ಮೇಲೆಂದು ಕಂಡುಬಂದಿತು. ಇದಕ್ಕೆ ಪ್ರತಿಯಾಗಿ ಆಲಿವ್ ಎಣ್ಣೆಯು ಚರ್ಮದ ಗೋಡೆಯನ್ನು ಇನ್ನಷ್ಟು ಸಡಿಲಿಸುವದೆಂದು ೨೦೧೩ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಸಂಶೋಧನೆ ತೋರಿಸಿದೆ. ಭಟ್ಕಳದ ಎಷ್ಟೋ ಮನೆಗಳವರು ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದು, ಊರಿಗೆ ಬರುವಾಗ ಬೆಲೆಬಾಳುವ ಆಲಿವ್ ಎಣ್ಣೆಯನ್ನು ಪ್ರೀತಿಯಿಂದ ತರುವದುಂಟು. ಅದು ಅಡುಗೆಗೆ ಸಲ್ಲಲಿ. ಒಣ ಚರ್ಮಕ್ಕೆ ಹಿತ್ತಿಲ ತೆಂಗೇ ಇರಲಿ. ಹಾಗೆಯೇ, ಮರುಭೂಮಿಯ ಗಾಳಿಯಲ್ಲಿಯೂ ಹಗಲಿರುಳು ತಣ್ಣನೆಯ ಯಂತ್ರದ ಗಾಳಿಯಲ್ಲಿಯೂ ಇರುವ ಆ ಮಕ್ಕಳಿಗೆ ಊರಿನಿಂದ ಹೋಗುವ ಗಂಟಿನಲ್ಲಿ ಉಪ್ಪಿನಕಾಯಿಯ ಜೊತೆ ಒಂದು ಸೀಸೆ ಕೊಬ್ಬರಿ ಎಣ್ಣೆಯೂ ಇರತಕ್ಕದ್ದು.

ಇದಲ್ಲದೆ ಘಟ್ಟದ ಸೆರಗಿನ ಕಾಡು ಕೊಡುವ ಎರಡು ತುಪ್ಪಗಳಿವೆ. ಒಂದು ಮುರುಗಲ ತುಪ್ಪ, ಇನ್ನೊಂದು ಉಪ್ಪಾಗೆ ತುಪ್ಪ. ಹುಳಿಗಾಗಿ ಸಿಪ್ಪೆಯನ್ನು ಒಣಗಿಸಿಟ್ಟ ಮೇಲೆ ಉಳಿಯುವ ಬೀಜಗಳನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದರೆ ಅದು ಆರಿ ಮೇಣದಂತೆ ಗಟ್ಟಿಯಾಗುವದು. ಅಂಗೈಯ ಬಿಸಿಗೆ ಮೆಲ್ಲನೆ ಕರಗುವ ಈ ತುಪ್ಪವು ಒಡೆದ ಹಿಮ್ಮಡಿಗೂ ತುಟಿಗೂ ಹೇಳಿ ಮಾಡಿಸಿದ್ದು. ಇವಾವುದೂ ಸಿಕ್ಕದ ಪಟ್ಟಣವಾಸಿಗಳಿಗೆ ವ್ಯಾಸಲೀನು ಸಾಕು. ಅಮೆರಿಕದ ಚೀಸ್‌ಬರೋ ಎಂಬವನು ೧೮೭೨ರಲ್ಲಿ ಇದರ ಹಕ್ಕುಪತ್ರ ಪಡೆದನು. ಅಲ್ಲಿಂದೀಚೆಗೆ ನೂರಾರು ಹೊಸ ಲೇಪಗಳು ಬಂದಿದ್ದರೂ ನೀರನ್ನು ಒಳಗೆ ತಡೆದು ನಿಲ್ಲಿಸುವದರಲ್ಲಿ ಇದಕ್ಕೆ ಸಮನಾದುವು ಕೆಲವೇ. ಸುವಾಸನೆಯಾಗಲಿ ಬಣ್ಣವಾಗಲಿ ಇಲ್ಲದ್ದರಿಂದ ಸೂಕ್ಷ್ಮ ಚರ್ಮಕ್ಕೆ ಅದು ಅಪಾಯ ಮಾಡುವದು ಬಹಳ ವಿರಳ.

ಎಷ್ಟು ಹಚ್ಚಬೇಕೆಂಬುದರಲ್ಲಿ ಹೆಚ್ಚಿನವರು ಕೃಪಣರು. ಇಸಬಿನಿಂದ ಮೈಯೆಲ್ಲ ಒಣಗಿದ ದೊಡ್ಡವರಿಗೆ ವಾರಕ್ಕೆ ೨೫೦ರಿಂದ ೫೦೦ ಗ್ರಾಂ ಲೇಪ ಬೇಕಾಗುವದೆಂದು ಚರ್ಮವೈದ್ಯರು ಹೇಳುತ್ತಾರೆ. ಬರಿಯ ಒಣಚರ್ಮಕ್ಕೆ ಅಷ್ಟು ಬೇಡವಾದರೂ, ಬೆರಳ ತುದಿಯ ನಾಲ್ಕು ಹನಿಯಿಂದ ಮೈಯೆಲ್ಲ ಸವರುವೆನೆಂಬುದು ಸಲ್ಲದು. ಕೂದಲು ಹರಡಿರುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ, ಮೃದುವಾಗಿ ಸವರಬೇಕು.

ಎರಡು ಎಚ್ಚರಿಕೆಗಳುಂಟು. ಎಣ್ಣೆ ಬಿದ್ದ ಬಚ್ಚಲ ಕಲ್ಲು ಮುದುಕರ ಸೊಂಟ ಮುರಿಯುವದು. ಆದುದರಿಂದ ಹೊರಗೆ ಬಂದು, ಮಣೆಯ ಮೇಲೆ ಕುಳಿತು ಹಚ್ಚಿಕೊಳ್ಳಲಿ. ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುವದು; ಎಣ್ಣೆ, ವ್ಯಾಸಲೀನು ಹಚ್ಚಿಕೊಂಡವರು ಒಲೆಯ ಬಳಿಯಲ್ಲಿ ಸೆರಗನ್ನು ಬಿಗಿದು ಕಟ್ಟಿ, ಅಂಥ ಬಟ್ಟೆಗಳನ್ನು ಪ್ರತ್ಯೇಕವಾಗಿ ಆಗಾಗ ಒಗೆಯಬೇಕು.

ಮುಖ

ಬೆಳಗ್ಗೆ ಎದ್ದೊಡನೆ ಮುಖಕ್ಕೆ ಬರಿಯ ನೀರು ಸಾಕು. ರಾತ್ರಿ ಮಲಗುವ ಮುಂಚೆ ಒಮ್ಮೆ ಕ್ಷಾರವಿಲ್ಲದ ಬಿಲ್ಲೆಯಿಂದ ತೊಳೆದು, ತೇವವಿರುವಾಗಲೇ ಸುವಾಸನೆಯಿಲ್ಲದ ತೆಳುವಾದ ಲೇಪ ಹಚ್ಚಬೇಕು. ಮೊಡವೆಯ ಸ್ವಭಾವದವರು ಮುಖಕ್ಕೆ ಕೊಬ್ಬರಿ ಎಣ್ಣೆ ಬಳಸದಿರುವದು ಲೇಸು; ಅದು ರಂಧ್ರಗಳನ್ನು ಕಟ್ಟುವದು. ಮಳೆಗಾಲದಲ್ಲಿ ಕಂಕುಳು, ಬೆರಳ ಸಂದುಗಳಿಗೆ ಯಾರೂ ಎಣ್ಣೆ ತುಂಬಬಾರದು. ತೇವದಲ್ಲಿ ಅಲ್ಲಿ ಬೂಷ್ಟಿನ ರೋಗ ಬೆಳೆಯುವದು.

ಕಡಲ ತೀರದ ಬಿಸಿಲು ಮೇಲಿನಿಂದಷ್ಟೇ ಅಲ್ಲ, ಮರಳಿನಿಂದಲೂ ನೀರಿನಿಂದಲೂ ಪ್ರತಿಫಲಿಸಿ ಬರುವದು. ಹಗಲು ಹತ್ತರಿಂದ ನಾಲ್ಕರವರೆಗೆ ಕೊಡೆಯೋ, ಹಾಳೆಯ ಟೊಪ್ಪಿಯೋ, ಸೆರಗೋ ತಲೆಯ ಮೇಲಿರಲಿ. ಬಿಸಿಲು ತಡೆಯುವ ಲೇಪ ಕೊಳ್ಳಬಲ್ಲವರು ಝಿಂಕ್ ಆಕ್ಸೈಡ್ ಇಲ್ಲವೆ ಟೈಟೇನಿಯಂ ಡಯಾಕ್ಸೈಡ್ ಉಳ್ಳ, ೩೦ಕ್ಕೆ ಕಡಿಮೆಯಿಲ್ಲದ ಅಂಕದ್ದನ್ನು ಆರಿಸಬೇಕು. ಸೂಕ್ಷ್ಮ ಚರ್ಮ ಅದನ್ನು ಚೆನ್ನಾಗಿ ತಾಳುವದು.

ಹೊಸತಾದ ಯಾವ ವಸ್ತುವನ್ನೇ ಆಗಲಿ ಮೊದಲೇ ಮುಖಕ್ಕೆ ಹಚ್ಚಬಾರದು. ಮೊಣಕೈಯ ಒಳಮಡಿಕೆಯಲ್ಲಿ ರೂಪಾಯಿಯಗಲ ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡಿ, ಉರಿಯೂ ಕೆಂಪೂ ಇಲ್ಲದಿದ್ದರೆ ಬಳಸಬೇಕು. ಮನೆಯ ವಸ್ತುವೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ನಿಂಬೆಯ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವದು. ಬೆಳ್ಳುಳ್ಳಿಯ ಅರೆತ ಬೊಕ್ಕೆ ಎಬ್ಬಿಸುವದು. ಅರಿಸಿನವೂ ಕೆಲವರಿಗೆ ಒಗ್ಗದು. ಅಂಟಿನ ಬಿಂದಿಯಿಂದ ಹಣೆಯಲ್ಲಿ ನವೆಯಾಗಿ ಬಿಳಿಯ ಕಲೆ ಉಳಿಯುವದೂ ಉಂಟು; ನವೆ ಕಂಡ ದಿನವೇ ಅದನ್ನು ಬಿಟ್ಟುಬಿಡಬೇಕು.

ಕೈಕಾಲುಗಳು

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಒಣಗುವ ಕೈ ಯಾರದು? ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ, ಮೀನು ಕೊಯ್ಯುವ, ಮಗುವನ್ನು ತೊಳೆಯುವ ಕೈ. ಸೋಡದ ಪುಡಿ, ಉಪ್ಪು, ಮಂಜುಗಡ್ಡೆ, ಮತ್ತೆ ಮತ್ತೆ ನೆನೆದು ಒಣಗುವದು, ಇಷ್ಟು ಸೇರಿದರೆ ಯಾವ ಗೋಡೆಯೂ ನಿಲ್ಲದು. ಬೆರಳ ಸಂದಿನಲ್ಲಿ ಬಿರುಕು ಬಿಟ್ಟು, ಹುಣಿಸೆಹುಳಿ ಕಿವುಚುವಾಗ ಉರಿಯುವದನ್ನು ಆಕೆ ಹೇಳಿಕೊಳ್ಳುವದೂ ಇಲ್ಲ. ಹತ್ತಿಯ ಒಳಗವಸಿನ ಮೇಲೆ ರಬ್ಬರಿನ ಕೈಗವಸು ಹಾಕಿಕೊಂಡು ಪಾತ್ರೆ ಬಟ್ಟೆಗಳ ಕೆಲಸ ಮಾಡುವದು ಉತ್ತಮ. ಅದಾಗದಿದ್ದರೆ ಕೆಲಸಕ್ಕೆ ಮುಂಚೆಯೇ ಕೈಗೆ ಎಣ್ಣೆ ಸವರಿ, ಮುಗಿದೊಡನೆ ನೀರಿನಿಂದ ತೊಳೆದು ಮತ್ತೆ ಸವರಬೇಕು. ಗೇರುಬೀಜ ಸುಟ್ಟು ಸುಲಿಯುವವರು ಸಿಪ್ಪೆಯ ಎಣ್ಣೆ ತಾಕದಂತೆ ಎಚ್ಚರವಹಿಸಬೇಕು. ಆರೋಗ್ಯವಾದ ಚರ್ಮವನ್ನೇ ಅದು ಸುಡುವದು, ಒಣ ಚರ್ಮದ ಮಾತೇನು!

ರಾತ್ರಿ ಮಲಗುವಾಗ ಕಾಲನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒತ್ತಿ ಒರಸಿ, ಮುರುಗಲ ತುಪ್ಪವನ್ನೋ ವ್ಯಾಸಲೀನನ್ನೋ ಹಿಮ್ಮಡಿಗೆ ದಪ್ಪವಾಗಿ ಮೆತ್ತಿ, ಹಳೆಯ ಹತ್ತಿಯ ಕಾಲುಚೀಲ ಹಾಕಿಕೊಳ್ಳಲಿ. ಎರಡು ವಾರದಲ್ಲಿ ಗುಣ ಕಾಣುವದು. ಸಕ್ಕರೆ ಕಾಯಿಲೆಯವರು ಮಾತ್ರ ನೀರಿನ ಬಿಸಿಯನ್ನು ಮತ್ತೊಬ್ಬರಿಂದ ನೋಡಿಸಿಕೊಳ್ಳಬೇಕು, ಬಿರುಕನ್ನು ಬ್ಲೇಡಿನಿಂದ ಕೆರೆಯಲೇಬಾರದು. ಬಹಳ ನೀರು ಕುಡಿದರೆ ಒಣಚರ್ಮ ವಾಸಿಯಾಗುವದೆಂದು ನಂಬಿದವರು ಬಹಳ. ಬಾಯಾರಿದಷ್ಟು ಕುಡಿಯುವದು ಸರಿ. ಆದರೆ ಸೋರುವ ಕೊಡಕ್ಕೆ ನೀರು ತುಂಬುವದಕ್ಕಿಂತ ತೂತು ಮುಚ್ಚುವದು ಮೊದಲು.

ಬಿಳುಪಿನ ಮೋಸ

ಈಗ ನಾವು ಹೇಳಲಿರುವದನ್ನು ಹೆಣ್ಣುಮಕ್ಕಳಿರುವ ಮನೆಯವರು ಲಕ್ಷ್ಯಗೊಟ್ಟು ಓದಬೇಕೆಂದು ಪ್ರಾರ್ಥಿಸುತ್ತೇವೆ. ಒಣಗಿ ಉರಿಯುವ ಮುಖಕ್ಕೆ ನೆರೆಮನೆಯವರು ಹೇಳಿದರೆಂದು, ಅಂಗಡಿಯವನು ಕೊಟ್ಟನೆಂದು ಸಣ್ಣ ಕೊಳವೆಯ ಲೇಪವೊಂದನ್ನು ತರುವದು ಎಲ್ಲ ಊರುಗಳಲ್ಲಿಯೂ ನಡೆದಿದೆ. ಹಚ್ಚಿದ ವಾರದಲ್ಲಿಯೇ ನವೆ ನಿಂತು, ಮುಖ ನುಣುಪಾಗಿ, ಬಣ್ಣವೂ ತಿಳಿಯಾಗುವದು. ಇಷ್ಟು ಬೇಗ ಬಂದ ಗುಣವನ್ನು ಕಂಡು ಮನೆಯ ಉಳಿದವರೂ ಹಚ್ಚತೊಡಗುವರು. ಅದರಲ್ಲಿರುವದು ಬಹುಶಃ ಸ್ಟೀರಾಯ್ಡ್ ಎಂಬ ಬಲವಾದ ಔಷಧ. ಕೊಳವೆಯ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಅದೇ ಎಂದು ತಿಳಿಯಬೇಕು. ವೈದ್ಯರು ಗೊತ್ತಾದ ಜಾಗಕ್ಕೆ, ಗೊತ್ತಾದಷ್ಟು ದಿನ ಬರೆದುಕೊಟ್ಟಾಗ ಇವು ಅಮೂಲ್ಯವಾದ ಔಷಧಗಳು. ಸ್ವಂತ ಬುದ್ಧಿಯಿಂದ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮವು ಈರುಳ್ಳಿಯ ಪೊರೆಯಂತೆ ತೆಳುವಾಗುವದು, ಕೆಂಪು ನರಗಳು ತೋರುವವು, ಮೊಡವೆಯೂ ಕೂದಲೂ ಏಳುವವು. ನಿಲ್ಲಿಸಿದರೆ ಮುಖವು ಬೆಂಕಿಯಂತೆ ಉರಿಯುವದು, ಆದುದರಿಂದ ಮತ್ತೆ ಹಚ್ಚುವರು. ಈ ಹಾವಳಿಯನ್ನು ಕಂಡು ಭಾರತ ಸರಕಾರವು ೨೦೧೮ರಲ್ಲಿ ಇಂಥ ೧೪ ಔಷಧಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಈಗಾಗಲೇ ಬಹುಕಾಲ ಹಚ್ಚಿದವರು ನಾಚದೆ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರಲ್ಲಿಗೆ ಹೋಗಬೇಕು.

ಮತ್ತೊಂದು ಬಗೆಯ ಲೇಪದಲ್ಲಿ ಪಾದರಸವಿರುವದು. ಹೆಸರಿಲ್ಲದ ಡಬ್ಬಿಗಳಲ್ಲಿ, ತಯಾರಿಸಿದವರ ವಿಳಾಸವಿಲ್ಲದೆ ಬರುವ ಬಿಳುಪಿನ ಲೇಪಗಳಲ್ಲಿ ಇದು ಹೆಚ್ಚು. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಮೂತ್ರಪಿಂಡ ವೈದ್ಯರು ಇಂಥ ಲೇಪಗಳನ್ನು ಬಳಸಿದವರಲ್ಲಿ ಮೂತ್ರಪಿಂಡಗಳು ಕೆಟ್ಟಿದ್ದನ್ನು ಕಂಡು ೨೦೨೩ರಲ್ಲಿ ಪ್ರಕಟಿಸಿದರು. ಹಚ್ಚಿದ್ದು ಮುಖಕ್ಕೆ, ಕೆಟ್ಟದ್ದು ಒಡಲು! ಮಗಳ ಮೈಬಣ್ಣದ ಬಗ್ಗೆ ಬಂದ ನೆಂಟರು ಆಡುವ ಒಂದು ಮಾತು ಆಕೆಯನ್ನು ಎಲ್ಲಿಗೆ ಒಯ್ಯಬಹುದೆಂಬುದನ್ನು ಹಿರಿಯರು ಯೋಚಿಸಲಿ. ಚರ್ಮದ ಆರೋಗ್ಯ ಬೇರೆ, ಅದರ ಬಣ್ಣ ಬೇರೆ. ಮೊದಲನೆಯದು ನಮ್ಮ ಕೈಯಲ್ಲಿದೆ. ಎರಡನೆಯದನ್ನು ತಿದ್ದಹೋಗುವ ಅವಶ್ಯಕತೆಯೇ ಇಲ್ಲ.

ವೈದ್ಯರಲ್ಲಿಗೆ ಯಾವಾಗ?

ಎರಡು ಮೂರು ವಾರ ಈ ಕ್ರಮವನ್ನು ತಪ್ಪದೆ ನಡೆಸಿಯೂ ಗುಣ ಕಾಣದಿದ್ದರೆ, ಚರ್ಮ ಒಡೆದು ನೀರು ಸೋರಿದರೆ, ಕೀವಾಗಿ ಜ್ವರ ಬಂದರೆ ತಡಮಾಡಬಾರದು. ರಾತ್ರಿಯಲ್ಲಿ ನವೆ ಹೆಚ್ಚಿ, ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಕೆರೆಯತೊಡಗಿದರೆ ಅದು ಒಣಚರ್ಮವಲ್ಲ, ಕಜ್ಜಿ. ಎಲ್ಲರೂ ಒಂದೇ ದಿನ ಔಷಧ ಹಚ್ಚದೆ ಅದು ಹೋಗದು. ವೃದ್ಧರಲ್ಲಿ ಗುರುತಿಲ್ಲದ ಮೈನವೆ ಬಹುಕಾಲ ನಿಂತರೆ ಸಕ್ಕರೆ, ಥೈರಾಯಿಡ್, ಮೂತ್ರಪಿಂಡ, ಯಕೃತ್ತುಗಳನ್ನು ಪರೀಕ್ಷಿಸಬೇಕಾಗುವದು. ಒಣಗಿದ ಮಚ್ಚೆಯೊಂದು ನವೆಯಿಲ್ಲದೆ, ಸ್ಪರ್ಶವೂ ತಿಳಿಯದೆ ಇದ್ದರೆ ಅದನ್ನು ಬಚ್ಚಿಡಲೇಬಾರದು. ಅದು ಕುಷ್ಠದ ಮೊದಲ ಗುರುತಿರಬಹುದು. ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಅದರ ಔಷಧ ಧರ್ಮಾರ್ಥವಾಗಿ ದೊರೆಯುವದು, ಬೇಗ ತೊಡಗಿದರೆ ಅಂಗಕ್ಕೆ ಊನವಿಲ್ಲದೆ ಪೂರಾ ವಾಸಿಯಾಗುವದು.

ಕೂಸುಗಳ ವಿಷಯದಲ್ಲಿ ಒಂದು ಮಾತು. ನಿತ್ಯ ಲೇಪ ಹಚ್ಚಿದ ಮಾತ್ರಕ್ಕೆ ಇಸಬು ಬಾರದಂತೆ ತಡೆಯಲಾಗದೆಂದು ಇಂಗ್ಲೆಂಡಿನಲ್ಲಿ ಸಾವಿರಕ್ಕೂ ಮಿಕ್ಕ ಶಿಶುಗಳಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿದೆ. ಆದರೆ ಒಣಗಿದ ಕೂಸಿನ ಮೈಗೆ ಎಣ್ಣೆ ಹಿತ, ನಿದ್ದೆಗೂ ಹಿತ. ಕೂದಲು ಹೋಗಲೆಂದು ಕಡಲೆ ಹಿಟ್ಟಿನ ಮುದ್ದೆಯಿಂದ ಉಜ್ಜುವದು, ಸುಡುನೀರು ಹೊಯ್ಯುವದು ಮಾತ್ರ ನಿಲ್ಲಬೇಕು.

ಮನೆಯವರ ಕರ್ತವ್ಯ

ಮೇಲೆ ಹೇಳಿದ ದಿನಚರ್ಯೆಗೆ ಹಣ ಹೆಚ್ಚು ಬೇಡ. ಬೇಕಾದದ್ದು ಬೆಳಗ್ಗೆ ಐದು ನಿಮಿಷ, ರಾತ್ರಿ ಹದಿನೈದು ನಿಮಿಷ. ಕಷ್ಟವಿರುವದು ಇಲ್ಲಿಯೇ. ಎಲ್ಲರ ಸ್ನಾನಕ್ಕೂ ನೀರು ಕಾಯಿಸಿ ಕೊನೆಗೆ ಮೀಯುವವಳು, ಮಿಂದೊಡನೆ ಒಲೆಯ ಮುಂದೆ ನಿಲ್ಲುವವಳು ಆ ಮೂರು ನಿಮಿಷವನ್ನು ಎಲ್ಲಿಂದ ತರಬೇಕು? ರಾತ್ರಿ ಕೊನೆಯ ಪಾತ್ರೆ ತೊಳೆದು ಕಣ್ಣು ಮುಚ್ಚಿಬರುವಾಗ ಕಾಲಿಗೆ ತುಪ್ಪ ಹಚ್ಚುವ ತಾಳ್ಮೆ ಯಾರಿಗಿದ್ದೀತು? ಆಕೆಯ ಕೈ ಒಡೆದಿರುವದು ಅಜ್ಞಾನದಿಂದಲ್ಲ, ಬಿಡುವಿಲ್ಲದ್ದರಿಂದ. ಆದುದರಿಂದ ಈ ಅಂಕಣವನ್ನು ಗೃಹಿಣಿಯರಷ್ಟೇ ಓದಿದರೆ ಸಾಲದು, ಯಜಮಾನರೂ ಓದಬೇಕು. ರಾತ್ರಿಯ ಪಾತ್ರೆಗಳನ್ನು ವಾರಕ್ಕೆ ನಾಲ್ಕು ದಿನವಾದರೂ ಮನೆಯ ಗಂಡಸರೂ ಬೆಳೆದ ಮಕ್ಕಳೂ ತೊಳೆಯಲಿ. ಪೇಟೆಗೆ ಹೋದವರು ಒಂದು ಜೊತೆ ಕೈಗವಸು ತರಲಿ. ಅತ್ತೆಯ ಬೆನ್ನಿಗೆ ಸೊಸೆ ಎಣ್ಣೆ ಸವರುವದು ನಮ್ಮಲ್ಲಿ ರೂಢಿಯಾಗಿದೆ. ಸೊಸೆಯ ಕೈಬೆರಳಿನ ಬಿರುಕನ್ನು ಅತ್ತೆ ನೋಡುವದೂ ರೂಢಿಗೆ ಬರಲಿ.

ಬಿಸಿನೀರು ಬಿಡುವದು, ಸಾಬೂನು ಮಿತಗೊಳಿಸುವದು, ತೇವವಿರುವಾಗಲೇ ಜಿಡ್ಡು ಸವರುವದು, ಹೆಸರರಿಯದ ಲೇಪವನ್ನು ಮುಟ್ಟದಿರುವದು, ಈ ನಾಲ್ಕನ್ನು ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದರೂ ಸಲ್ಲುವದು. ಬೀಸುವ ಗಾಳಿಯನ್ನು ನಾವು ತಡೆಯಲಾರೆವು. ಗೋಡೆಗೆ ಗಾರೆ ಹಚ್ಚಬಲ್ಲೆವು.

ಮುಂದಿನ ತಿಂಗಳು ಮಕ್ಕಳ ಹಲ್ಲಿನ ರಕ್ಷಣೆಯ ವಿಷಯವನ್ನು ವಿಚಾರಿಸುವೆವು.